ಮೆಚ್ಚಿನ ಫ್ಯಾಂಟಸಿ ಸರಣಿ ಮುಗಿದ ಮೇಲಿನ ಗುಂಗು: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಜೊತೆಗಿದ್ದ ಫ್ಯಾಂಟಸಿ ಸರಣಿಯ ಕೊನೆಯ ಸಂಪುಟವನ್ನು ಮುಚ್ಚಿಟ್ಟ ಮೇಲೆ ಓದುಗರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಅವುಗಳಲ್ಲಿ ಮುಖ್ಯವಾದವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ನಾನು ಮನಶ್ಶಾಸ್ತ್ರಜ್ಞನಲ್ಲ, ಇಂಥ ಹಲವು ಸರಣಿಗಳನ್ನು ಮುಗಿಸಿ, ಪ್ರತಿ ಸಲವೂ ಕೆಲವು ದಿನ ಬೇರಾವ ಪುಸ್ತಕವನ್ನೂ ಮುಟ್ಟಲಾಗದೆ ಕುಳಿತ ಒಬ್ಬ ಓದುಗ. ಹಾಗಾಗಿ ತಿಳಿದವರು ಹೇಳಿದ್ದನ್ನು ಅವರ ಹೆಸರಿನಲ್ಲೇ ಹೇಳಿದ್ದೇನೆ, ಉಳಿದದ್ದು ನನ್ನ ಓದಿನ ಅನುಭವ.

ಕೊನೆಯ ಪುಟ ಮುಗಿದ ಕೂಡಲೇ ಮನಸ್ಸು ಇಷ್ಟು ಖಾಲಿಯಾಗುವುದೇಕೆ?

ದೊಡ್ಡ ಸರಣಿಯೊಂದನ್ನು ಓದುವ ಕಾಲದಲ್ಲಿ ದಿನದ ಒಂದು ಹೊತ್ತು ಅದರ ಪಾಲಿಗೆ ಹೋಗಿರುತ್ತದೆ. ಮಲಗುವ ಮುಂಚಿನ ಗಂಟೆ ಅದಕ್ಕೆ ಮೀಸಲು; ಕೆಲಸದ ನಡುವೆ ಸಿಕ್ಕ ಬಿಡುವಿನಲ್ಲಿಯೂ ಮನಸ್ಸು ತಾನಾಗಿಯೇ ಹಿಂದಿನ ರಾತ್ರಿ ನಿಲ್ಲಿಸಿದ ಜಾಗಕ್ಕೆ ಓಡುತ್ತದೆ. ಸೆರೆಯಾದವಳು ತಪ್ಪಿಸಿಕೊಂಡಳೇ, ಸುಳ್ಳು ಹೇಳಿದ ಗುರುವಿನ ಗುಟ್ಟು ಶಿಷ್ಯನಿಗೆ ಯಾವಾಗ ತಿಳಿದೀತು ಎಂಬ ಸಣ್ಣ ಕಾತರ ದಿನವಿಡೀ ಒಳಗೊಳಗೇ ಇರುತ್ತದೆ. ಸರಣಿ ಮುಗಿದ ಮರುದಿನವೂ ಆ ಹೊತ್ತು ಎಂದಿನಂತೆ ಬರುತ್ತದೆ, ಆದರೆ ಅದನ್ನು ತುಂಬುತ್ತಿದ್ದದ್ದು ಇರುವುದಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಗುಂಗು ಎಂಬ ಒಳ್ಳೆಯ ಮಾತಿದೆ. ಹಾಡು ನಿಂತ ಮೇಲೂ ಕಿವಿಯಲ್ಲಿ ಉಳಿಯುವಂಥದ್ದು ಅದು. ಈಗೀಗ ಕೆಲವರು ಬುಕ್ ಹ್ಯಾಂಗೋವರ್ ಎನ್ನುವುದೂ ಇದನ್ನೇ.

ಆದರೆ ಹೊತ್ತು ಖಾಲಿಯಾಗುವುದಷ್ಟೇ ಕಾರಣವಾಗಿದ್ದರೆ ಬೇರೊಂದು ಪುಸ್ತಕ ಹಿಡಿದ ಕೂಡಲೇ ಎಲ್ಲ ಸರಿಹೋಗಬೇಕಿತ್ತು, ಹಾಗಾಗುವುದಿಲ್ಲ. ನನ್ನ ಮಟ್ಟಿಗೆ ನಿಜವಾದ ಕಾರಣ ಇನ್ನೊಂದು. ಕೊನೆಯ ಪುಟದವರೆಗೆ, ಮುಂದೇನಾಗುವುದೆಂದು ಕಥೆಯಲ್ಲಿದ್ದವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಆ ತಿಳಿಯದಿರುವಿಕೆಯನ್ನು ಹಂಚಿಕೊಂಡದ್ದರಿಂದಲೇ ನಾವು ಅವರಿಗೆ ಜೊತೆಗಾರರಾಗಿದ್ದೆವು, ಅವರು ಹೆದರಿದಲ್ಲಿ ಹೆದರುತ್ತಿದ್ದೆವು. ಕೊನೆಯ ವಾಕ್ಯವನ್ನು ದಾಟಿದ ಕ್ಷಣದಲ್ಲಿ ನಮಗೆ ಎಲ್ಲವೂ ಗೊತ್ತಾಗಿಬಿಡುತ್ತದೆ, ಜೊತೆಗಾರಿಕೆ ಅಲ್ಲಿಗೆ ಮುಗಿಯುತ್ತದೆ. ಪಾತ್ರಗಳು ಪುಸ್ತಕದಲ್ಲಿ ಇದ್ದಲ್ಲೇ ಇದ್ದಾರೆ. ಹೊರಗೆ ಬಂದವರು ನಾವು.

ಇಲ್ಲದ ವ್ಯಕ್ತಿಗಳಿಗಾಗಿ ಕಣ್ಣೀರು ಹಾಕುವುದು ಅತಿಯಾಯಿತಲ್ಲವೇ?

ಖಂಡಿತ ಇಲ್ಲ. ಈ ಪ್ರಶ್ನೆಯನ್ನು ನಮ್ಮ ಕಾವ್ಯಮೀಮಾಂಸಕರು ಬಹಳ ಹಿಂದೆಯೇ ಕೈಗೆತ್ತಿಕೊಂಡಿದ್ದರು. ಭರತಮುನಿ ಹೇಳಿದ ರಸಗಳಲ್ಲಿ ಕರುಣವೂ ಒಂದು, ಅದರ ಸ್ಥಾಯಿಭಾವ, ಅಂದರೆ ತಳದಲ್ಲಿ ನೆಲೆನಿಂತ ಭಾವ, ಶೋಕ. ಬದುಕಿನಲ್ಲಿ ಶೋಕದಿಂದ ದೂರ ಸರಿಯುವ ನಾವು ಕಾವ್ಯದಲ್ಲಿ ಅದನ್ನು ಹುಡುಕಿಕೊಂಡು ಹೋಗುವುದೇಕೆ ಎಂದು ಕೇಳಿದವರಿಗೆ ಭಟ್ಟನಾಯಕ ಸಾಧಾರಣೀಕರಣ ಎಂಬ ಉತ್ತರ ಕೊಟ್ಟ: ಕಾವ್ಯದೊಳಗಿನ ದುಃಖ ‘ನನ್ನದು’, ‘ಪರರದು’ ಎಂಬ ಗೆರೆಯನ್ನು ಕಳೆದುಕೊಂಡು ಎಲ್ಲರದಾಗುತ್ತದೆ, ಅದಕ್ಕೇ ಅದು ಸುಡದೆ ಆರ್ದ್ರಗೊಳಿಸುತ್ತದೆ. ಹೀಗೆ ಸ್ಪಂದಿಸಬಲ್ಲವನನ್ನು ಸಹೃದಯ ಎಂದು ಕರೆದರೇ ಹೊರತು ಅತಿಭಾವುಕ ಎಂದು ಜರೆಯಲಿಲ್ಲ.

ಆಧುನಿಕ ಸಂಶೋಧನೆಯೂ ಇದನ್ನು ಹಗುರವಾಗಿ ಕಂಡಿಲ್ಲ. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ವಿದ್ವಾಂಸರು ರೇಡಿಯೊ, ಟೆಲಿವಿಷನ್ ನಿರೂಪಕರೊಂದಿಗೆ ವೀಕ್ಷಕರು ಬೆಳೆಸಿಕೊಳ್ಳುವ ಒಮ್ಮುಖದ ಆತ್ಮೀಯತೆಗೆ ಹೆಸರು ಕೊಟ್ಟು ವಿವರಿಸಿದರು; ಮುಂದಿನವರು ಅದೇ ವಿಚಾರವನ್ನು ಕಲ್ಪಿತ ಪಾತ್ರಗಳಿಗೂ ವಿಸ್ತರಿಸಿದರು. ಆ ಕಡೆಯವರಿಗೆ ನಮ್ಮ ಇರವೇ ತಿಳಿಯದಿದ್ದರೂ ನಮ್ಮ ಕಡೆಯ ನಂಟು ನಂಟೇ, ಅದು ಕಡಿದಾಗ ಆಗುವ ನೋವು ನೋವೇ.

ಬೇರೆ ಕಾದಂಬರಿ ಮುಗಿದಾಗ ಹೀಗಾಗುವುದಿಲ್ಲ. ಫ್ಯಾಂಟಸಿ ಸರಣಿಯೇ ಇಷ್ಟು ಕಾಡುವುದೇಕೆ?

ಮೊದಲು ಲೆಕ್ಕದ ಮಾತು. ಗಂಟೆಗೆ 40 ಪುಟ ಓದುವವರಿಗೆ 4,000 ಪುಟಗಳ ಒಂದು ಸರಣಿ ಸರಿಯಾಗಿ 100 ಗಂಟೆಗಳ ಸಹವಾಸ. ದಿನಕ್ಕೆ ಒಂದು ಗಂಟೆಯಂತೆ ಓದಿದರೆ ಮೂರು ತಿಂಗಳು ದಾಟುತ್ತದೆ. ಹತ್ತಿರದ ಸ್ನೇಹಿತರೊಂದಿಗೂ ಮೂರು ತಿಂಗಳು ಒಂದು ದಿನ ತಪ್ಪದೆ ಗಂಟೆ ಹೊತ್ತು ಕಳೆಯುವುದು ನಮ್ಮಲ್ಲಿ ಎಷ್ಟು ಮಂದಿಗೆ ಸಾಧ್ಯ? ಸಂಪುಟಗಳು ಒಂದೊಂದಾಗಿ ಪ್ರಕಟವಾಗುತ್ತಿದ್ದಾಗಲೇ ಓದಿದವರಿಗಂತೂ ಇದು ಬಾಲ್ಯದಿಂದ ಯೌವನದವರೆಗೆ ಹಬ್ಬಿದ ಸಹವಾಸ. ಹನ್ನೆರಡರ ವಯಸ್ಸಿನಲ್ಲಿ ಹಿಡಿದ ಕಥೆಯನ್ನು ಇಪ್ಪತ್ತೆರಡರಲ್ಲಿ ಮುಗಿಸಿದವರು ಮುಚ್ಚಿಟ್ಟದ್ದರಲ್ಲಿ ಅವರ ಹತ್ತು ವರ್ಷವೂ ಸೇರಿದೆ.

ಎರಡನೆಯದು ಇದಕ್ಕಿಂತ ಆಳವಾದದ್ದು. ನಮ್ಮ ಲೋಕದಲ್ಲೇ ನಡೆಯುವ ಕಾದಂಬರಿ ಮುಗಿದರೂ ಅದರ ಬೀದಿ, ಮಳೆ, ಮನೆಯ ಮೆಟ್ಟಿಲು ಹೊರಗೆಲ್ಲೋ ಉಳಿದಿರುತ್ತವೆ. ಫ್ಯಾಂಟಸಿಯ ನೆಲಕ್ಕೆ ಪುಟಗಳ ಹೊರಗೆ ಒಂದು ಗೇಣೂ ಜಾಗವಿಲ್ಲ. ಇಂಗ್ಲಿಷ್ ಫ್ಯಾಂಟಸಿ ಲೇಖಕ ಟೋಲ್ಕಿನ್ 1939ರಲ್ಲಿ ಕೊಟ್ಟ ಉಪನ್ಯಾಸವೊಂದರಲ್ಲಿ ಇಂಥ ಕಥೆಗಾರನನ್ನು ಎರಡನೆಯ ಲೋಕವೊಂದರ ಸೃಷ್ಟಿಕರ್ತನೆಂದು ಕರೆದರು. ಒಳಗಿರುವಷ್ಟು ಹೊತ್ತು ಆ ಲೋಕದ ನಿಯಮಗಳೇ ನಮಗೆ ಸತ್ಯ, ನಂಬಿಕೆ ಮುರಿದ ಗಳಿಗೆಯಲ್ಲಿ ಹೊರಗೆ ಬಂದಿರುತ್ತೇವೆ ಎಂಬುದು ಅವರ ಮಾತಿನ ಸಾರ.

ಆ ಲೋಕವನ್ನು ನಾವು ಸುಮ್ಮನೆ ನೋಡಿಲ್ಲ, ಕಲಿತಿದ್ದೇವೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಮೊದಲ ನೂರು ಪುಟಗಳಲ್ಲಿ ತಡವರಿಸಿಕೊಂಡು, ನಕ್ಷೆಯ ಪುಟಕ್ಕೆ ಮತ್ತೆ ಮತ್ತೆ ಮರಳಿ, ಯಾವ ಮನೆತನಕ್ಕೂ ಯಾವ ಮನೆತನಕ್ಕೂ ಹಗೆ, ಮಂತ್ರ ಹಾಕಿದವನು ಯಾವ ಬೆಲೆ ತೆರಬೇಕು, ಯಾವ ಹೆಸರನ್ನು ಕತ್ತಲಲ್ಲಿ ಹೇಳಬಾರದು, ಕಣಿವೆಯಿಂದ ಬಂದರಿಗೆ ಕುದುರೆಯ ಮೇಲೆ ಎಷ್ಟು ದಿನದ ದಾರಿ ಎಂಬುದನ್ನೆಲ್ಲ ಮನಸ್ಸಿನಲ್ಲಿ ಊರಿಕೊಂಡಿದ್ದೇವೆ. ನಾಲ್ಕನೆಯ ಸಂಪುಟದ ಹೊತ್ತಿಗೆ ಒಬ್ಬ ಪಾತ್ರ ಎಡಗೈಯಿಂದ ನಮಸ್ಕರಿಸಿದರೆ ಅದು ಅವಮಾನವೆಂದು ಯಾರೂ ವಿವರಿಸದೆ ನಮಗೆ ಅರ್ಥವಾಗುತ್ತದೆ. ಸರಣಿ ಮುಗಿದ ಮರುದಿನ ಈ ಕಲಿಕೆಯೆಲ್ಲ ತಲೆಯಲ್ಲಿ ಹಾಗೇ ಇರುತ್ತದೆ, ಬಳಸಲು ಜಾಗ ಮಾತ್ರ ಇರುವುದಿಲ್ಲ. ಮಾತಾಡುವವರು ಯಾರೂ ಉಳಿಯದ ಒಂದು ಭಾಷೆಯನ್ನು ಚೆನ್ನಾಗಿ ಬಲ್ಲವರ ಪಾಡು ನಮ್ಮದಾಗುತ್ತದೆ.

ಕೊನೆಯ ಕೆಲವು ಪುಟಗಳನ್ನು ಓದಲು ಮನಸ್ಸೇ ಬರುತ್ತಿಲ್ಲ. ಹೀಗೆ ಮುಂದೂಡಬಹುದೇ?

ಧಾರಾಳವಾಗಿ ಮುಂದೂಡಿ. ಒಂಬತ್ತು ಸಂಪುಟಗಳ ಒಂದು ಸರಣಿಯಲ್ಲಿ ನಲವತ್ತು ಪುಟ ಉಳಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಹನ್ನೊಂದು ದಿನ ತೆರೆಯಲಿಲ್ಲ. ಆ ಸಂಪುಟ ಓದುವಾಗ ಬಲಗೈಯ ಹೆಬ್ಬೆರಳಿನ ಕೆಳಗೆ ಪುಟಗಳ ದಪ್ಪ ದಿನದಿನಕ್ಕೂ ಇಳಿಯುತ್ತಿತ್ತು; ಮೊದಮೊದಲು ಗಮನಕ್ಕೇ ಬಾರದಿದ್ದ ಅದು, ಕಡೆಗೆ ಹಾಳೆಗಳು ಬೆರಳಿಗೆ ತೆಳ್ಳಗೆ ಬಾಗತೊಡಗಿದಾಗ ಕಥೆಗಿಂತ ಜೋರಾಗಿ ಕೇಳಿಸತೊಡಗಿತು. ಹನ್ನೊಂದು ದಿನವೂ ಆ ಪುಸ್ತಕ ಹಾಸಿಗೆಯ ಪಕ್ಕದಲ್ಲೇ ಇತ್ತು, ಪ್ರತಿ ರಾತ್ರಿ ಅದರ ಮೇಲೆ ಕನ್ನಡಕ ಇಟ್ಟು ಮಲಗುತ್ತಿದ್ದೆ. ಹನ್ನೆರಡನೆಯ ದಿನ ಓದಿದೆ. ಆ ವಿರಾಮದಲ್ಲಿ ಕಥೆ ನನಗೆ ಸ್ವಲ್ಪವೂ ಮಾಸಿರಲಿಲ್ಲ.

ಇ-ಪುಸ್ತಕದಲ್ಲಿ ಓದುವವರಿಗೆ ಒಂದು ಎಚ್ಚರಿಕೆ ಹೇಳಬೇಕು. ಪರದೆಯ ಕೆಳಗೆ ಕಾಣುವ ಶೇಕಡಾವಾರಿನಲ್ಲಿ ಸಾಮಾನ್ಯವಾಗಿ ಅನುಬಂಧ, ಪದಕೋಶ, ಕೃತಜ್ಞತೆ, ಮುಂದಿನ ಪುಸ್ತಕದ ಮಾದರಿ ಅಧ್ಯಾಯ ಎಲ್ಲವೂ ಸೇರಿರುತ್ತವೆ. ಇನ್ನೂ ನೂರಕ್ಕೆ ಹತ್ತು ಭಾಗ ಬಾಕಿ ಇದೆ ಎಂದು ನಿಶ್ಚಿಂತೆಯಿಂದ ಓದುತ್ತಿರುವಾಗ ಕಥೆ ತಟ್ಟನೆ ನಿಂತುಬಿಡುತ್ತದೆ. ಸಿದ್ಧವಾಗದೆ ಸಿಕ್ಕ ವಿದಾಯ ಹೆಚ್ಚು ದಿನ ಚುಚ್ಚುತ್ತದೆ. ಕೊನೆಯ ಸಂಪುಟ ಶುರುಮಾಡುವಾಗಲೇ ಪರಿವಿಡಿಯಲ್ಲಿ ಕೊನೆಯ ಅಧ್ಯಾಯ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ.

ಈ ಗುಂಗು ಎಷ್ಟು ದಿನ ಇರುತ್ತದೆ?

ಬಹಳ ಮಂದಿಗೆ ಕೆಲವು ದಿನಗಳಿಂದ ಒಂದೆರಡು ವಾರ. ಅದಾದ ಮೇಲೂ ಯಾವುದೋ ವಾಸನೆಗೆ, ಯಾವುದೋ ಹೆಸರಿಗೆ ಒಮ್ಮೊಮ್ಮೆ ಮರಳಿ ಬರುತ್ತದೆ. ಆಗ ಅದು ಭಾರವೆನಿಸುವುದಿಲ್ಲ.

ಇದು ಖಿನ್ನತೆಯ ಲಕ್ಷಣವೇ?

ಕಥೆಯನ್ನು ನೆನೆದಾಗ ಬೇಸರವಾಗುವುದು, ಬೇರೆ ಪುಸ್ತಕ ರುಚಿಸದಿರುವುದು, ಪಾತ್ರಗಳು ಕನಸಿನಲ್ಲಿ ಬರುವುದು ಇವೆಲ್ಲ ಗುಂಗಿನ ಒಳಗೇ ಬರುವಂಥವು. ಆದರೆ ಬೇಸರ ಪುಸ್ತಕದ ಗಡಿ ದಾಟಿ ಊಟ, ನಿದ್ದೆ, ಕೆಲಸ, ಮಂದಿಯ ಒಡನಾಟ ಎಲ್ಲದರ ಮೇಲೂ ಹರಡಿ, ಬಹುಪಾಲು ಪ್ರತಿದಿನ, ದಿನದ ಬಹುಭಾಗ ಉಳಿದರೆ ಅದನ್ನು ಪುಸ್ತಕದ ಲೆಕ್ಕಕ್ಕೆ ಹಾಕಿ ಸುಮ್ಮನಿರಬಾರದು. ವೈದ್ಯರು ಖಿನ್ನತೆಯನ್ನು ಗುರುತಿಸುವಾಗ ನೋಡುವ ಕನಿಷ್ಠ ಅವಧಿ 2 ವಾರ. ಬದುಕೇ ಬೇಡವೆಂಬ ಯೋಚನೆ ಒಮ್ಮೆ ಸುಳಿದರೂ ಆ ಎರಡು ವಾರವನ್ನೂ ಕಾಯದೆ ವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ಕಾಣಬೇಕು. ಕಷ್ಟದ ಕಾಲದಲ್ಲಿ ಸರಣಿಯೊಂದರ ಆಸರೆ ಹಿಡಿದಿದ್ದವರಿಗೆ ಇದು ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಪುಸ್ತಕ ಅಷ್ಟು ದಿನ ತಡೆಹಿಡಿದಿದ್ದ ನೋವು ಅದು ಮುಗಿದಾಗ ಎದುರಿಗೆ ಬಂದು ನಿಲ್ಲಬಹುದು.

ಮುಕ್ತಾಯ ಇಷ್ಟವಾಗಲಿಲ್ಲ, ಲೇಖಕರು ಮೋಸ ಮಾಡಿದಂತೆನಿಸುತ್ತಿದೆ. ಈ ಸಿಟ್ಟನ್ನು ಏನು ಮಾಡಲಿ?

ಸಿಟ್ಟು ಎರಡು ಬಗೆಯದು, ನಿಮ್ಮದು ಯಾವುದೆಂದು ಮೊದಲು ನೋಡಿಕೊಳ್ಳಿ. ಕಥೆ ತಾನೇ ಕೊಟ್ಟ ಮಾತನ್ನು ಮುರಿದಾಗ ಬರುವುದು ಒಂದು. ಮಂತ್ರಕ್ಕೆ ಬೆಲೆ ತೆರಲೇಬೇಕೆಂದು ಎಂಟು ಸಂಪುಟ ಹೇಳಿ ಒಂಬತ್ತನೆಯದರಲ್ಲಿ ಪುಕ್ಕಟೆಯಾಗಿ ಎಲ್ಲವನ್ನೂ ಪರಿಹರಿಸಿದರೆ, ಎಚ್ಚರದ ಹೆಣ್ಣೊಬ್ಬಳು ಕಥೆಯ ಅನುಕೂಲಕ್ಕಾಗಿ ಒಮ್ಮೆಲೇ ದಡ್ಡಿಯಾದರೆ, ಆ ಸಿಟ್ಟು ನ್ಯಾಯವಾದದ್ದು. ಅದನ್ನು ವಿಮರ್ಶೆಯಾಗಿ ಬರೆಯಿರಿ, ಯಾವ ಪುಟದಲ್ಲಿ ಕೊಟ್ಟ ಮಾತು ಯಾವ ಪುಟದಲ್ಲಿ ಮುರಿಯಿತೆಂದು ತೋರಿಸಿ. ಇನ್ನೊಂದು, ಮುಕ್ತಾಯ ಸರಿಯಾಗಿಯೇ ಇದ್ದು ನಾವು ಬೇರೇನನ್ನೋ ಬಯಸಿದ್ದರಿಂದ ಬರುವ ಸಿಟ್ಟು. ಪ್ರೀತಿಯ ಪಾತ್ರ ಸತ್ತಾಗ ಹೆಚ್ಚಾಗಿ ಬರುವುದು ಇದೇ. ನಿಜ ಹೇಳಬೇಕೆಂದರೆ ಆಗ ನಾವು ಲೇಖಕರ ಮೇಲೆ ಹಾಕುತ್ತಿರುವುದು ಅಗಲಿಕೆಯ ಸಿಟ್ಟನ್ನೇ. ನನಗೆ ತಿಂಗಳುಗಟ್ಟಲೆ ಕೋಪ ತರಿಸಿದ್ದ ಒಂದು ಸಾವು, ಎರಡನೆಯ ಓದಿನಲ್ಲಿ, ಆ ಕಥೆಯಲ್ಲಿ ಆಗಬಹುದಾಗಿದ್ದ ಒಂದೇ ಸಂಗತಿ ಎಂದು ತೋರಿತು.

ಮುಕ್ತಾಯದ ಅವಸರವೂ ಅತೃಪ್ತಿಗೆ ಒಂದು ದೊಡ್ಡ ಕಾರಣ. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೃತಿಯಲ್ಲಿ ಕಥೆ ಯಾವ ಕಾರ್ಯಕ್ಕಾಗಿ ಹೊರಟಿತ್ತೋ ಅದು ಮುಗಿದ ಮೇಲೂ ಇನ್ನೂ ಆರು ಅಧ್ಯಾಯಗಳಿವೆ, ಅವುಗಳ ನಂತರ ಅನುಬಂಧಗಳಿವೆ, ಅನುಬಂಧದ ಕಾಲಾನುಕ್ರಮಣಿಯಲ್ಲಿ ಒಡನಾಡಿಗಳ ಮುಂದಿನ ಬದುಕಿನ ಸಂಗತಿಗಳನ್ನೂ ವರ್ಷವಾರು ಕೊಟ್ಟಿದೆ. ಇದನ್ನು ಎಳೆದಾಟವೆಂದು ಬೇಸರಿಸುವವರಿದ್ದಾರೆ. ನಾನು ಹಾಗೆ ಎಣಿಸುವುದಿಲ್ಲ. ನಮ್ಮ ಹಳೆಯ ಕಾವ್ಯಗಳು ಯುದ್ಧ ಮುಗಿದ ಕೂಡಲೇ ಕೇಳುಗನನ್ನು ರಣರಂಗದಲ್ಲೇ ಬಿಟ್ಟು ಹೋಗುತ್ತಿರಲಿಲ್ಲ. ಮಹಾಭಾರತದಲ್ಲಿ ಯುದ್ಧದ ನಂತರವೂ ಪರ್ವಗಳ ಮೇಲೆ ಪರ್ವಗಳಿವೆ; ಗೆದ್ದವರ ಅಳಲು, ರಾಜ್ಯದ ಹೊರೆ, ಕೊನೆಯ ನಡಿಗೆ ಎಲ್ಲವನ್ನೂ ದಾಟಿಸಿ ಕಡೆಗೆ ಫಲಶ್ರುತಿ, ಅಂದರೆ ಕೇಳಿದವರಿಗೆ ಸಿಗುವ ಫಲ, ಹೇಳಿ ಮುಗಿಸುತ್ತದೆ. ಒಂಬತ್ತನೆಯ ಶತಮಾನದ ಆನಂದವರ್ಧನ ಆ ಮಹಾಕಾವ್ಯದ ಪ್ರಧಾನ ರಸ ಶಾಂತವೆಂದು ವಾದಿಸಿದ್ದು ಈ ಮುಕ್ತಾಯವನ್ನು ಗಮನಿಸಿಯೇ. ಸಾವಿರಾರು ಪುಟ ಮೇಲೇರಿಸಿದ ಕಥೆಗೆ ಇಳಿಯಲು ಮೆಟ್ಟಿಲುಗಳೂ ಬೇಕು. ಕೊನೆಯ ಕದನವಾಗಿ ಹತ್ತು ಪುಟಕ್ಕೆ ಮುಗಿದುಹೋಗುವ ಸರಣಿಗಳು ಆ ಮೆಟ್ಟಿಲುಗಳನ್ನು ಕಟ್ಟದೆ ಬಿಟ್ಟಿರುತ್ತವೆ.

ಸರಣಿ ಮುಗಿಯುವ ಮುನ್ನವೇ ಲೇಖಕರು ತೀರಿಕೊಂಡರೆ?

ಆಗ ಓದುಗರಿಗೆ ಎರಡು ಅಗಲಿಕೆ. ‘ದಿ ವ್ಹೀಲ್ ಆಫ್ ಟೈಮ್’ ಸರಣಿಯನ್ನು 1990ರಲ್ಲಿ ಆರಂಭಿಸಿದ ರಾಬರ್ಟ್ ಜೋರ್ಡನ್ 2007ರಲ್ಲಿ ನಿಧನರಾದಾಗ ಕಥೆ ಇನ್ನೂ ಮುಗಿದಿರಲಿಲ್ಲ. ಕಾಯಿಲೆಯ ದಿನಗಳಲ್ಲಿ ಅವರು ಟಿಪ್ಪಣಿಗಳನ್ನೂ ಮುಕ್ತಾಯದ ಭಾಗವನ್ನೂ ಬಿಟ್ಟುಹೋಗಿದ್ದರು. ಅವರ ಪತ್ನಿಯೂ ಸಂಪಾದಕಿಯೂ ಆಗಿದ್ದ ಹ್ಯಾರಿಯಟ್ ಮೆಕ್‌ಡೂಗಲ್ ಕಥೆ ಮುಗಿಸುವ ಕೆಲಸಕ್ಕೆ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ ಅವರನ್ನು ಆರಿಸಿದರು. ಒಂದೇ ಎಂದುಕೊಂಡಿದ್ದ ಕೊನೆಯ ಸಂಪುಟ ಮೂರಾಗಿ, ಹದಿನಾಲ್ಕನೆಯದು 2013ರಲ್ಲಿ ಹೊರಬಂತು. ಇಂಗ್ಲಿಷ್ ಫ್ಯಾಂಟಸಿ ಲೇಖಕ ಟೆರಿ ಪ್ರಾಚೆಟ್ ಅವರದು ಇದಕ್ಕೆ ನೇರ ವಿರುದ್ಧ ದಾರಿ. ಅವರು 2015ರಲ್ಲಿ ತೀರಿಕೊಂಡ ಮೇಲೆ, ಅವರದೇ ಇಚ್ಛೆಯಂತೆ, ಅಪೂರ್ಣ ಬರಹಗಳಿದ್ದ ಹಾರ್ಡ್ ಡ್ರೈವ್ ಅನ್ನು 2017ರಲ್ಲಿ ಹಳೆಯ ಉಗಿ ರೋಡ್ ರೋಲರ್ ಒಂದರ ಅಡಿ ಹಾಕಿ ನಾಶಪಡಿಸಲಾಯಿತು.

ಯಾವುದು ಸರಿ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಅದು ಬರೆದವರ ಹಕ್ಕು, ಎರಡನ್ನೂ ಗೌರವಿಸಬೇಕು. ಓದುಗನಾಗಿ ಮಾತ್ರ, ಬೇರೆ ಕೈಯಿಂದಲಾದರೂ ಸರಿ, ಹೊರಟವರು ಮನೆ ಸೇರಿದ್ದನ್ನು ಕಾಣಬೇಕೆಂದು ನನ್ನ ಮನಸ್ಸು ಬಯಸುತ್ತದೆ.

ಕೂಡಲೇ ಇನ್ನೊಂದು ಸರಣಿ ಶುರುಮಾಡಿದರೆ ಗುಂಗು ಬಿಡುತ್ತದೆಯೇ?

ಹೊಸ ಸರಣಿಗೆ ಇದರಿಂದ ಅನ್ಯಾಯವಾಗುತ್ತದೆ. ಹೊಸ ಲೋಕದ ಮೊದಲ ನೂರು ಪುಟ ಎಂದೂ ಕಷ್ಟದವೇ. ಹಳೆಯ ಲೋಕದ ಹೆಸರುಗಳು ಇನ್ನೂ ನಾಲಿಗೆಯ ಮೇಲಿರುವಾಗ ಹೊಸಬರೆಲ್ಲ ಅವರ ನಕಲಿನಂತೆ ಕಾಣುತ್ತಾರೆ. ನಾನು ಹೀಗೆ ಅವಸರಪಟ್ಟು ಎರಡನೆಯ ಅಧ್ಯಾಯಕ್ಕೇ ಬದಿಗಿಟ್ಟ ಪುಸ್ತಕವೊಂದು, ಮೂರು ವರ್ಷದ ನಂತರ ತೆಗೆದಾಗ, ನನ್ನ ಅತ್ಯಂತ ಪ್ರಿಯ ಪುಸ್ತಕಗಳಲ್ಲಿ ಒಂದಾಯಿತು. ನಡುವೆ ಬೇರೆ ಜಾತಿಯ ಓದು ಇರಲಿ: ಸಣ್ಣಕಥೆ, ಪ್ರಬಂಧ, ಕವಿತೆ, ಪ್ರವಾಸಕಥನ. ಒಂದೇ ಸಲಕ್ಕೆ ಮುಗಿಯುವಂಥದ್ದಾದರೆ ಇನ್ನೂ ಒಳ್ಳೆಯದು. ಏನೂ ಓದದೆ ನಾಲ್ಕು ದಿನ ಸುಮ್ಮನಿದ್ದರೂ ನಷ್ಟವಿಲ್ಲ.

ಮೂಲ ಸರಣಿ ಮುಗಿದ ಮೇಲೆ ಪೂರ್ವಕಥೆ, ಉಪಕಥೆ, ಅನುಬಂಧಗಳನ್ನು ಓದಬೇಕೇ?

ಅನುಬಂಧವನ್ನು ಓದಿ, ಅದು ಅದೇ ಮನೆಯ ಹಿತ್ತಲು. ಪೂರ್ವಕಥೆಗಳನ್ನು ಸ್ವಲ್ಪ ತಡೆದು ಓದುವುದು ಲೇಸು, ಏಕೆಂದರೆ ಅಗಲಿದವರು ಅಲ್ಲಿ ಸಿಗುತ್ತಾರೆ, ಆದರೆ ನಾವು ಬಲ್ಲ ಅವರಾಗಿ ಸಿಗುವುದಿಲ್ಲ. ಇನ್ನು ‘ಕೊನೆಯದು’ ಎಂಬ ಮಾತನ್ನು ತೀರ ಕಟ್ಟುನಿಟ್ಟಾಗಿ ನಂಬಬೇಕಾಗಿಲ್ಲ. ಅರ್ಸುಲಾ ಲೆ ಗ್ವಿನ್ ತಮ್ಮ ‘ಅರ್ಥ್‌ಸೀ’ ಲೋಕದ ಮೊದಲ ಮೂರು ಕಾದಂಬರಿಗಳನ್ನು 1972ರ ಹೊತ್ತಿಗೆ ಮುಗಿಸಿದ್ದರು. 1990ರಲ್ಲಿ ನಾಲ್ಕನೆಯದು ಬಂತು, ಅದಕ್ಕೆ ‘ಕೊನೆಯ ಪುಸ್ತಕ’ ಎಂಬ ಉಪಶೀರ್ಷಿಕೆಯೂ ಇತ್ತು. 2001ರಲ್ಲಿ ಮತ್ತೆರಡು ಬಂದವು! ಅಷ್ಟು ವರ್ಷಗಳ ನಂತರ ಮರಳಿದಾಗ ಅವರು ಹಿಂದಿನದನ್ನೇ ಮುಂದಕ್ಕೆ ಎಳೆಯಲಿಲ್ಲ. ತಾವೇ ಕಟ್ಟಿದ ಲೋಕದಲ್ಲಿ ಹೆಂಗಸರಿಗೆ ಎಲ್ಲಿ ಜಾಗವಿತ್ತು ಎಂದು ತಮ್ಮನ್ನೇ ಕೇಳಿಕೊಂಡರು. ಇಂಥ ಮರಳುವಿಕೆಗೆ ಕಾಯಬಹುದು. ಬರೀ ಹೆಸರಿನ ಬಲದಿಂದ ಹೊರಟ ಮುಂದುವರಿಕೆಗಳು ಒಂದು ಅಧ್ಯಾಯದಲ್ಲೇ ಗುರುತು ಹತ್ತುತ್ತವೆ, ಅವನ್ನು ಬಿಟ್ಟರೆ ಯಾವ ದ್ರೋಹವೂ ಆಗುವುದಿಲ್ಲ.

ಪರದೆಯ ಮೇಲೆ ಬಂದ ರೂಪವನ್ನು ನೋಡಬಹುದೇ?

ನೋಡಬಹುದು, ನಿಮ್ಮ ಮನಸ್ಸಿನಲ್ಲಿ ಮೂಡಿದ್ದ ಮುಖಗಳು ಗಟ್ಟಿಯಾದ ಮೇಲೆ. ನಟರ ಮುಖ ಒಮ್ಮೆ ಕೂತರೆ ಏಳುವುದಿಲ್ಲ.

ಮನೆಯವರಿಗೆ, ಸ್ನೇಹಿತರಿಗೆ ಇದು ಅರ್ಥವಾಗುತ್ತಿಲ್ಲ. ಯಾರ ಹತ್ತಿರ ಹೇಳಿಕೊಳ್ಳಲಿ?

‘ಬರೀ ಪುಸ್ತಕ ತಾನೇ’ ಎಂದವರ ಮೇಲೆ ಬೇಸರಪಡಬೇಡಿ, ಆ ದಾರಿಯಲ್ಲಿ ಅವರು ನಡೆದಿಲ್ಲ. ಅವರಿಗೆ ಇಡೀ ಕಥೆ ಹೇಳಲು ಹೋದರೆ ನಿಮಗೇ ನಿರಾಸೆ. ಒಂಬತ್ತು ಸಂಪುಟದ ನೋವು ಒಂಬತ್ತು ವಾಕ್ಯದಲ್ಲಿ ಇಳಿಯುವುದಿಲ್ಲ. ಒಂದು ದೃಶ್ಯವನ್ನಷ್ಟೇ ಹೇಳಿ, ಅದು ನಿಮಗೇಕೆ ನಾಟಿತೆಂದು ಹೇಳಿ. ಕೇಳುವವರು ಕಥೆಯನ್ನಲ್ಲದಿದ್ದರೂ ನಿಮ್ಮನ್ನು ಅರ್ಥಮಾಡಿಕೊಳ್ಳುತ್ತಾರೆ. ಅದೇ ಸರಣಿ ಓದಿದ ಒಬ್ಬರು ಸಿಕ್ಕಿದರೆ ಮಾತ್ರ ಅದರ ಸುಖವೇ ಬೇರೆ. ಎರಡು ಹೆಸರು ಹೇಳಿ ಇಬ್ಬರೂ ಸುಮ್ಮನಾದರೂ ಸಾಕಾಗುತ್ತದೆ.

ಮಗು ಸರಣಿ ಮುಗಿಸಿ ಅಳುತ್ತಾ ಕುಳಿತಿದೆ. ಏನು ಹೇಳಬೇಕು?

ಕೂಡಲೇ ಹೊಸ ಪುಸ್ತಕ ತಂದುಕೊಡುವ ಆತುರ ಬೇಡ, ಅದು ಕಥೆಯಷ್ಟೇ ಎಂಬ ಸಮಾಧಾನವಂತೂ ಬೇಡವೇ ಬೇಡ. ಪಕ್ಕದಲ್ಲಿ ಕುಳಿತು ‘ಯಾರು ಹೆಚ್ಚು ನೆನಪಾಗುತ್ತಾರೆ?’ ಎಂದು ಕೇಳಿ. ಮಗು ಹೇಳತೊಡಗುತ್ತದೆ, ಹೆಸರುಗಳು ಅದಲುಬದಲಾದರೂ ತಿದ್ದಲು ಹೋಗದೆ ಕೇಳಿಸಿಕೊಳ್ಳಿ. ಬಹಳ ಮಕ್ಕಳಿಗೆ ಅಗಲಿಕೆಯ ಮೊದಲ ಪರಿಚಯ ಆಗುವುದು ಹೀಗೆ ಪುಸ್ತಕದಿಂದಲೇ, ಅದೂ ಬೇಕೆನಿಸಿದಾಗ ಮೊದಲ ಪುಟಕ್ಕೆ ಮರಳಬಹುದಾದ ಅಗಲಿಕೆ. ಮಗು ಆ ಪಾತ್ರಗಳ ಚಿತ್ರ ಬರೆಯಲು, ಮುಂದಿನ ಕಥೆ ಕಟ್ಟಲು ಹೊರಟರೆ ಹಾಳೆ ಕೊಟ್ಟು ಬಿಡಿ.

ದೊಡ್ಡವರಾದ ನಮಗೂ ಮುಂದಿನ ಕಥೆ ಬರೆಯಬೇಕೆನಿಸುತ್ತದೆ. ಇದು ತಪ್ಪೇ?

ನಿಮ್ಮ ಖುಷಿಗಾಗಿ, ಹಣದ ಆಸೆಯಿಲ್ಲದೆ, ನಿಮ್ಮದೆಂದು ಸಾರದೆ ಬರೆದುಕೊಂಡರೆ ಯಾರೂ ಬೇಡವೆನ್ನರು. ಕೆಲವು ಲೇಖಕರು ಅಭಿಮಾನಿಗಳ ಕಥೆಗಳನ್ನು ಒಪ್ಪುವುದಿಲ್ಲವಾದ್ದರಿಂದ ಪ್ರಕಟಿಸುವ ಮುನ್ನ ಅವರ ನಿಲುವನ್ನು ತಿಳಿದುಕೊಳ್ಳುವುದು ಸೌಜನ್ಯ. ನಾನು ಒಮ್ಮೆ ಬರೆದು ನೋಡಿದ್ದೇನೆ. ಮೂರು ಪುಟಕ್ಕೆ ಬರುವಷ್ಟರಲ್ಲಿ ಪಾತ್ರಗಳು ಮೂಲದವರಂತೆ ಮಾತಾಡುವುದನ್ನು ಬಿಟ್ಟು ನನ್ನಂತೆ ಮಾತಾಡತೊಡಗಿದರು, ಆಗ ಆ ಲೇಖಕರ ಕೈಚಳಕ ಎಂಥದೆಂದು ಮೊದಲ ಬಾರಿಗೆ ತಿಳಿಯಿತು.

ಮರುಓದಿನಲ್ಲಿ ಮೊದಲಿನ ಸುಖ ಸಿಗುತ್ತದೆಯೇ?

ಅದೇ ಸುಖ ಸಿಗುವುದಿಲ್ಲ, ಸಿಗುವುದು ಬೇರೆ. ರಿಚರ್ಡ್ ಗೆರಿಗ್ ಎಂಬ ಮನಶ್ಶಾಸ್ತ್ರಜ್ಞ 1993ರಲ್ಲಿ ಓದುಗನನ್ನು ಪ್ರಯಾಣಿಕನಿಗೆ ಹೋಲಿಸಿ, ತನ್ನ ಲೋಕದಿಂದ ಒಂದಷ್ಟು ದೂರ ಹೋದವನು ಆ ಪ್ರಯಾಣದಿಂದ ಸ್ವಲ್ಪ ಬದಲಾಗಿಯೇ ಮರಳುತ್ತಾನೆ ಎಂದರು. ಬದಲಾದವನು ಮತ್ತೆ ಹೊರಟರೆ ದಾರಿಯೂ ಬೇರೆಯಾಗಿ ಕಾಣುವುದು ಸಹಜ. ಮೊದಲ ಓದಿನಲ್ಲಿ ನಾವು ಜೊತೆಗಾರರಾಗಿದ್ದೆವು ಎಂದೆನಲ್ಲ, ಎರಡನೆಯ ಓದಿನಲ್ಲಿ ಆ ಸಂಬಂಧ ಮಗ್ಗುಲು ಬದಲಿಸುತ್ತದೆ. ಈಗ ಮುಂದಿನದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ದೂರದ ಊರಿಗೆ ಹೊರಟ ಮಕ್ಕಳನ್ನು ಬಾಗಿಲಲ್ಲಿ ನಿಂತು ನೋಡುವ ಹಿರಿಯರ ಜಾಗಕ್ಕೆ ನಾವು ಬಂದಿರುತ್ತೇವೆ.

ನನ್ನ ಆ ಒಂಬತ್ತು ಸಂಪುಟಗಳ ಸರಣಿಯ ಮೊದಲ ಸಂಪುಟದಲ್ಲಿ, ಊರು ಬಿಟ್ಟು ಹೊರಟ ಹುಡುಗನನ್ನು ನದಿ ದಾಟಿಸುವ ಅಂಬಿಗನೊಬ್ಬ ಬರುತ್ತಾನೆ. ಹುಡುಗ ಕಾಸು ಚಾಚಿದಾಗ ಅಂಬಿಗ ಅವನ ಬೆರಳುಗಳನ್ನು ಮಡಚಿ, ‘ಹಿಂದಿರುಗುವಾಗ ಕೊಡು’ ಎನ್ನುತ್ತಾನೆ. ಅಷ್ಟೇ ಮಾತು, ಮುಂದಿನ ಸಾಲಿಗೆ ದೋಣಿ ಆಚೆ ದಡ ಮುಟ್ಟುತ್ತದೆ. ಮೊದಲ ಓದಿನಲ್ಲಿ ಅದು ನನಗೆ ನೆನಪೂ ಉಳಿದಿರಲಿಲ್ಲ. ಎರಡು ವರ್ಷದ ನಂತರ ಮತ್ತೆ ಓದುತ್ತಾ ಅಲ್ಲಿಗೆ ಬಂದಾಗ, ಆ ಹುಡುಗ ಆ ನದಿಯ ದಾರಿಯಲ್ಲಿ ಮತ್ತೆಂದೂ ಬರುವುದಿಲ್ಲವೆಂದು ತಿಳಿದಿದ್ದ ನಾನು, ಮುಂದಿನ ಸಾಲು ಓದಲಾಗದೆ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಮಲಗಿದ್ದೆ. ಇಂಥ ಸಾಲುಗಳನ್ನು ಲೇಖಕರು ಬರೆಯುವುದೇ ಎರಡನೆಯ ಸಲ ಬರುವವರಿಗಾಗಿ.

ಯಾವಾಗ ಮರಳಬೇಕೆಂದರೆ, ಮುಖ್ಯ ಘಟನೆಗಳು ನೆನಪಿದ್ದು ಅವುಗಳ ನಡುವಿನ ಮಾತುಗಳು ಮರೆತುಹೋಗಿರುವ ಹೊತ್ತಿಗೆ. ನನಗೆ ಅದು ಸುಮಾರು ಎರಡು ವರ್ಷ. ನಿಮ್ಮ ನೆನಪು ನಿಮಗೇ ಗೊತ್ತು.

ಪುಸ್ತಕಗಳನ್ನು ಕಪಾಟಿನಲ್ಲಿ ಎತ್ತಿಡಲು ಮನಸ್ಸಾಗುತ್ತಿಲ್ಲ. ಏನು ಮಾಡಲಿ?

ಕೆಲವು ದಿನ ಕಣ್ಣೆದುರಿಗೇ ಇರಲಿ. ಎತ್ತಿಡುವಾಗ ಮೊದಲ ಸಂಪುಟ ಕೈಗೆ ಸುಲಭವಾಗಿ ಸಿಗುವಂತೆ ಇಡಿ. ಕೊನೆಯ ಸಂಪುಟದಿಂದ ಹೊರತೆಗೆದ ಓದುಗುರುತಿನ ಚೀಟಿಯನ್ನು ಏನು ಮಾಡುವುದೆಂದು ನನಗೆ ಬಹಳ ದಿನ ತೋಚಿರಲಿಲ್ಲ, ಏಕೆಂದರೆ ಗುರುತಿಸಬೇಕಾದ ಪುಟವೇ ಉಳಿದಿರಲಿಲ್ಲ. ಮರುಓದಿನ ನಂತರ ಅದನ್ನು ಅಂಬಿಗನ ಪುಟದಲ್ಲಿ ಇಟ್ಟೆ. ಈಗಲೂ ಅಲ್ಲೇ ಇದೆ.